ಲ್ಯಾಟಿನ್ ಮೇಷ್ಟ್ರು ಇಟ್ಟ ಹೆಸರು

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ಲ್ಯಾಟಿನ್ ಬಲ್ಲವರು ಒಬ್ಬರೇ ಒಬ್ಬರಿದ್ದರು. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ.

ಚಕ್ರಪಾಣಿಯವರನ್ನು ಹಗುರ ಮಾಡುವುದಕ್ಕೆ ಈ ಮಾತು ಹೇಳುತ್ತಿಲ್ಲ. ಸರ್ಕಾರಿ ತೋಟವೊಂದರಲ್ಲಿ ಅವರು ಮೂವತ್ನಾಲ್ಕು ವರ್ಷ ದುಡಿದವರು. ಮರಗಳಿಗೆ ಕಟ್ಟುವ ತಗಡಿನ ಫಲಕಗಳ ಮೇಲೆ ಹೆಸರು ಬರೆಯುವುದು ಅವರ ಕೆಲಸ. ಮೇಲಿನ ಸಾಲಿನಲ್ಲಿ ಕನ್ನಡದ ಹೆಸರು, ಕೆಳಗಿನ ಸಾಲಿನಲ್ಲಿ ಲ್ಯಾಟಿನ್ ಹೆಸರು. ಸೂಪರಿಂಟೆಂಡೆಂಟರು ಚೀಟಿಯಲ್ಲಿ ಗೀಚಿಕೊಟ್ಟದ್ದನ್ನು ಚಕ್ರಪಾಣಿಯವರು ಒಂದಕ್ಷರವೂ ತಪ್ಪದಂತೆ ಹಸಿರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಇಳಿಸುತ್ತಿದ್ದರು. ಅದರ ಅರ್ಥವೇನು ಎಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆದರೆ ಮೂವತ್ನಾಲ್ಕು ವರ್ಷ ಬರೆದದ್ದು ಸುಮ್ಮನೆ ಹೋಗುತ್ತದೆಯೇ? ನಿವೃತ್ತರಾಗುವ ಹೊತ್ತಿಗೆ ಅವರ ನಾಲಿಗೆಯಲ್ಲಿ ನಾನೂರು ಹೆಸರುಗಳು ಸರಾಗವಾಗಿ ಹೊರಳುತ್ತಿದ್ದವು. ಸೊಪ್ಪು ಮಾರುವ ಬಸವಮ್ಮನ ಹತ್ತಿರ ಹೋಗಿ, "ಮುರಾಯಾ ಕೊನಿಗೀ ಎರಡು ಕಟ್ಟು ಕೊಡಮ್ಮ" ಎನ್ನುತ್ತಿದ್ದರು. ಬಸವಮ್ಮ ಕರಿಬೇವು ಕೊಟ್ಟು, ದೊಡ್ಡವರು ಎಂದು ಮೇಲೊಂದು ಕಡ್ಡಿ ಜಾಸ್ತಿ ಹಾಕುತ್ತಿದ್ದಳು.

ಹೀಗಿರುವಾಗ ಜನ ಹೆಸರು ಕೇಳಿಕೊಂಡು ಬರುವುದು ಸಹಜ. ಸಂಪಿಗೆ ರಸ್ತೆಯ ಒಂದು ಬ್ಯೂಟಿ ಪಾರ್ಲರ್‌ಗೆ 'ಪ್ಲುಮೇರಿಯಾ' ಎಂಬ ದೇವಕಣಗಿಲೆಯ ಹೆಸರು ಹೋದದ್ದು ಇವರ ಜಗಲಿಯಿಂದಲೇ. ಎದುರು ಮನೆಯ ನಾಯಿಗೆ 'ಫೈಕಸ್' ಎಂದು ಹೆಸರಿಟ್ಟವರೂ ಇವರೇ. ಫೈಕಸ್ ಎಂದರೆ ಆಲದ ಜಾತಿ ಎನ್ನುವುದು ನಾಯಿಗೂ ಗೊತ್ತಿಲ್ಲ, ಸಾಕಿದವರಿಗೂ ಗೊತ್ತಿಲ್ಲ. ಇಬ್ಬರೂ ಸಂತೋಷವಾಗಿದ್ದಾರೆ.

ಆದರೆ 'ಲ್ಯಾಟಿನ್ ಮೇಷ್ಟ್ರು' ಎಂಬ ಬಿರುದು ಕೊಟ್ಟವರು ಇವರ್ಯಾರೂ ಅಲ್ಲ, ಮಹಾನಂದಮ್ಮ. ಕಾಟನ್‌ಪೇಟೆಯಲ್ಲಿ ಹಗ್ಗ, ಗೋಣಿದಾರದ ಸಗಟು ಅಂಗಡಿ ಇಟ್ಟಿದ್ದ ವೀರಭದ್ರಯ್ಯನವರ ಹೆಂಡತಿ. ಮೂವತ್ತು ವರ್ಷದ ಹಿಂದೆ ವೀರಭದ್ರಯ್ಯನವರು, ಪಕ್ಕದ ರಸ್ತೆಯ ಚಕ್ರಪಾಣಿ ಚೆನ್ನಾಗಿ ಫಲಕ ಬರೆಯುತ್ತಾರೆಂದು ಕೇಳಿ, ತಮ್ಮ ಅಂಗಳದ ಬಿಲ್ವದ ಮರಕ್ಕೂ ಒಂದು ಬರೆಸಿದ್ದರು. ಚಕ್ರಪಾಣಿಯವರು 'ಈಗಲ್ ಮಾರ್ಮೆಲೋಸ್' ಎಂದು ಬರೆದು, ಮೊದಲಿನ ಇಂಗ್ಲಿಷ್ ಎ ಮತ್ತು ಇ ಅಕ್ಷರಗಳನ್ನು ಒಂದಕ್ಕೊಂದು ಬೆಸೆದು ತಂದರು. ಮಹಾನಂದಮ್ಮ ಕಾಫಿ ಲೋಟ ಕೈಯಲ್ಲಿ ಹಿಡಿದು ಅದನ್ನೇ ನೋಡಿದರು.

"ದಿನಾ ಇದರ ಪತ್ರೆಯಲ್ಲೇ ಪೂಜೆ ಮಾಡ್ತೀನಿ. ಇದಕ್ಕೆ ಇನ್ನೊಂದು ಹೆಸ್ರಿದೆ ಅಂತಾನೇ ಗೊತ್ತಿರ್ಲಿಲ್ಲ ನೋಡಿ. ನೀವು ಬಿಡಿ, ಲ್ಯಾಟಿನ್ ಮೇಷ್ಟ್ರು!"

ಅಂದಿನಿಂದ ಎರಡು ಮನೆಗೂ ಸ್ನೇಹ. ಚಕ್ರಪಾಣಿಯವರ ಹೆಂಡತಿ ಅಲಮೇಲು ಮಾಡಿದ ಪುಳಿಯೋಗರೆ ಆ ಮನೆಗೆ, ಮಹಾನಂದಮ್ಮ ಮಾಡಿದ ಹೋಳಿಗೆ ಈ ಮನೆಗೆ. ಎರಡು ವರ್ಷದ ಕೆಳಗೆ ಮಹಾನಂದಮ್ಮ ತೀರಿಕೊಂಡರು. ಆಮೇಲೆ ಹೋಳಿಗೆ ನಿಂತುಹೋಯಿತು. ವೀರಭದ್ರಯ್ಯನವರು ಅಂಗಡಿಯನ್ನು ಮಗ ಕೈಲಾಸನಿಗೆ ಬಿಟ್ಟರು, ಬೆಳಗಿನ ವಾಕಿಂಗ್ ಮಾತ್ರ ಬಿಡಲಿಲ್ಲ.

ಕೈಲಾಸನ ಹೆಂಡತಿ ರಂಜಿನಿಗೆ ಹೆಣ್ಣು ಮಗು ಹುಟ್ಟಿ ಹದಿನೈದು ದಿನವಾಗಿತ್ತು. ಮಕ್ಕಳಕೂಟದ ಪಾರ್ಕಿನಲ್ಲಿ ಮೂರನೇ ಸುತ್ತು ಮುಗಿಸಿ ಕೂತಾಗ ವೀರಭದ್ರಯ್ಯನವರು ಸ್ನೇಹಿತನ ಕೈ ಹಿಡಿದುಕೊಂಡರು.

"ಚಕ್ರಪಾಣಿಗಳೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಮಗೂಗೆ ಮಹಾನಂದ ಅಂತ ಹೆಸ್ರಿಡ್ಬೇಕು ಅಂತ ನನಗಾಸೆ."

"ಇಡಿ. ಅದಕ್ಕೇನಂತೆ?"

"ಕೈಲಾಸ್‌ಗೂ ರಂಜಿನಿಗೂ ಯಾರೂ ಇಡದೆ ಇರೋ ಹೆಸ್ರು ಬೇಕಂತೆ. ರಂಜಿನಿ ಒಳ್ಳೇ ಹುಡುಗಿ, ಬೇಡ ಅನ್ಲಿಲ್ಲ. ಯೋಚ್ನೆ ಮಾಡೋಣ ಮಾವ ಅಂದ್ಲು. ನಾನೇ ಇನ್ನೊಂದ್ಸಲ ಕೇಳಿದ್ರೆ ಮುದುಕ ಹಟ ಹಿಡಿದ ಅನ್ಸುತ್ತೆ. ನೀವು ಸಾಯಂಕಾಲ ಬಂದು ಒಂದು ಮಾತು ಹೇಳಿಬಿಡಿ. ಹೆಸ್ರಿನ ವಿಷ್ಯದಲ್ಲಿ ನೀವು ಹೇಳಿದ್ರೆ ನಮ್ಮನೇಲಿ ಎದುರಾಡಲ್ಲ."

"ಅಷ್ಟೇ ತಾನೇ?"

"ಅಷ್ಟೇ ಸ್ವಾಮಿ. ಒಂದೇ ಒಂದು ಹೆಸ್ರು."

ಚಕ್ರಪಾಣಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಯಂಕಾಲ ಐದಕ್ಕೆ ಹೊರಟರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಹಾನಂದ, ಮಹಾನಂದ ಎಂದು ಹೇಳಿಕೊಂಡೇ ಹೋದರು. ಇದು ಅವರ ಪರವಾಗಿ ಹೇಳಲೇಬೇಕಾದ ಮಾತು.

ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ವೀರಭದ್ರಯ್ಯನವರು ಮೂಲೆಯ ಕುರ್ಚಿಯಲ್ಲಿ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಪೇಪರ್ ಓದುತ್ತಿದ್ದರು. ಪೇಪರ್ ತಲೆಕೆಳಗಾಗಿತ್ತು. ಬಾಣಂತಿ ಎಂದರೂ ಕೇಳದೆ ರಂಜಿನಿಯೇ ಕಾಫಿ ತಂದಿಟ್ಟಳು. ಚಕ್ರಪಾಣಿಯವರು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಹೆಸರು ಅನ್ನೋದು ಸಾಮಾನ್ಯ ವಿಷಯ ಅಲ್ಲ. ಮೂವತ್ನಾಲ್ಕು ವರ್ಷ ನಾನು ಮಾಡಿದ್ದು ಅದೇ ಕೆಲಸ..."

ಇಲ್ಲಿಗೆ ನಿಲ್ಲಿಸಿ ಮುಂದಿನ ನಾಲ್ಕಕ್ಷರ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರು ಪೀಠಿಕೆ ಬೆಳೆಸಿದರು. ಹುಣಸೆಗೆ ಲ್ಯಾಟಿನ್ನಿನಲ್ಲಿ ಏನೆನ್ನುತ್ತಾರೆ, ನೇರಳೆಗೆ ಏನೆನ್ನುತ್ತಾರೆ, ಹೆಸರಿಲ್ಲದ ಗಿಡವನ್ನು ತೋಟದಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎಂದೆಲ್ಲ ಹದಿನೈದು ನಿಮಿಷ ಹೇಳಿದರು. ರಂಜಿನಿಯ ಕಣ್ಣು ಅಗಲವಾಯಿತು.

"ಅಂಕಲ್, ಮತ್ತೆ ನೀವೇ ಒಂದು ಲ್ಯಾಟಿನ್ ಹೆಸ್ರು ಹೇಳಿಬಿಡಿ! ಚಿಕ್ಕದಾಗಿರ್ಬೇಕು, ಇಡೀ ಬೆಂಗ್ಳೂರಲ್ಲಿ ಇನ್ಯಾರಿಗೂ ಇರ್ಬಾರ್ದು."

ಚಕ್ರಪಾಣಿಯವರು ಬಾಯಿ ತೆರೆದರು. ನಾನೂರು ಹೆಸರುಗಳೂ ಎದುರಿಗೆ ಬಂದು ನಿಂತವು. ಒಂದೂ ಮಗುವಿಗೆ ಇಡುವಂಥದ್ದಲ್ಲ. ಬೇವಿನ ಅಜಾಡಿರಾಕ್ಟಾ ಎಂದು ಯಾವ ಹೆಣ್ಣು ಮಗುವನ್ನು ಕರೆಯುವುದು?

"ಅಯ್ಯೋ, ಕಾಫಿ ಆರೋಯ್ತಲ್ಲ ಅಂಕಲ್. ಬಿಸಿ ಮಾಡ್ಕೊಂಡ್ ಬರ್ಲಾ?" ಎಂದಳು ರಂಜಿನಿ.

ಕಾಫಿ ಬಿಸಿ ಮಾಡುವುದು ಎನ್ನುತ್ತಲೇ ಚಕ್ರಪಾಣಿಯವರ ತಲೆಯಲ್ಲಿ ಏನೋ ಹೊಳೆಯಿತು, ಹೊಳೆದದ್ದು ಬಾಯಿಗೂ ಬಂದೇಬಿಟ್ಟಿತು.

"ಏಟ್ನಾ!"

"ಏಟ್ನಾ..." ರಂಜಿನಿ ಎರಡು ಸಲ ಹೇಳಿ ನೋಡಿದಳು. "ಎಷ್ಟು ಚೆನ್ನಾಗಿದೆ! ಅರ್ಥ ಏನ್ ಅಂಕಲ್?"

"ರೋಮನ್ನರ ಒಬ್ಬ ದೇವತೆ," ಎಂದರು ಚಕ್ರಪಾಣಿ, ರೆಪ್ಪೆ ಬಡಿಯದೆ. "ಬೆಳಕು ಕೊಡೋಳು."

ಕೈಲಾಸ್ ಸರಿ ಎಂದ. ಮಗು ಒಮ್ಮೆ ಸೀನಿತು, ಅದನ್ನೂ ಒಪ್ಪಿಗೆ ಎಂದೇ ತಿಳಿದರು. ಮೂಲೆಯಲ್ಲಿ ಪೇಪರ್ ನಿಧಾನವಾಗಿ ಕೆಳಗಿಳಿಯಿತು. ವೀರಭದ್ರಯ್ಯನವರು ಸ್ನೇಹಿತನನ್ನು ಒಂದು ಕ್ಷಣ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಚಕ್ರಪಾಣಿಯವರಿಗೆ ಆಮೇಲೆ ಮರೆಯುವುದಾದರೂ ಸುಲಭವಾಗುತ್ತಿತ್ತು. ಎಲ್ಲೋ ಇಟ್ಟ ವಸ್ತುವನ್ನು ಹುಡುಕುವವರ ನೋಟ ಅದು.

"ಆಗ್ಲಿ," ಎಂದರು. "ಚಕ್ರಪಾಣಿಗಳು ಹೇಳಿದ್ಮೇಲೆ ಆಯ್ತು."

ಮನೆಗೆ ಬಂದವರೇ ಚಕ್ರಪಾಣಿಯವರು ಷೋಕೇಸಿನ ಮುಂದೆ ನಿಂತರು. ಅದರಲ್ಲಿ ಅಂಗೈಯಗಲದ ಒಂದು ಹಿತ್ತಾಳೆಯ ಸ್ಪಿರಿಟ್ ಒಲೆ ಇತ್ತು. ಸೂಪರಿಂಟೆಂಡೆಂಟರು ಆಫೀಸಿನಲ್ಲಿ ಕಾಫಿ ಬಿಸಿ ಮಾಡಿಕೊಳ್ಳುತ್ತಿದ್ದ ಒಲೆ. ವರ್ಗವಾಗಿ ಹೋಗುವಾಗ ಇವರಿಗೆ ಕೊಟ್ಟಿದ್ದರು. ಅದರ ಹೊಟ್ಟೆಯ ಮೇಲೆ ಕೆತ್ತಿದ್ದ ಹೆಸರೇ ಏಟ್ನಾ. ಎ ಮತ್ತು ಇ ಅಕ್ಷರಗಳನ್ನು ಬೆಸೆದು ಬರೆಯುವುದನ್ನು ಅವರು ಕಲಿತದ್ದು ಆ ಒಲೆಯನ್ನು ನೋಡಿಯೇ.

"ಹೋದ ಕೆಲಸ ಆಯ್ತೇನ್ರೀ?" ಎಂದು ಅಲಮೇಲು ಕೇಳಿದರು.

"ಹೂಂ."

"ಯಾವ ಹೆಸ್ರು ಹೇಳೋಕೆ ಹೋಗಿದ್ರಿ?"

"ಮಹಾನಂದ."

"ಯಾವ ಹೆಸ್ರು ಹೇಳಿ ಬಂದ್ರಿ?"

ಚಕ್ರಪಾಣಿಯವರು ಷೋಕೇಸಿನ ಕಡೆ ಕೈ ತೋರಿಸಿದರು. ಅಲಮೇಲು ಒಲೆಯನ್ನು ನೋಡಿದರು, ಗಂಡನನ್ನು ನೋಡಿದರು, ಮತ್ತೆ ಒಲೆಯನ್ನು ನೋಡಿದರು.

"ನಾಳೇನೇ ಹೋಗಿ ತಪ್ಪಾಯ್ತು ಅಂತ ಹೇಳಿಬಿಡಿ."

"ಹೇಳ್ತೀನಿ. ನಾಮಕರಣ ಇನ್ನೂ ದೂರ ಇದೆಯಲ್ಲ."

ದೂರವಿದ್ದ ನಾಮಕರಣ ಹತ್ತಿರ ಬಂತು. ಚಕ್ರಪಾಣಿಯವರು ದಿನವೂ ಪಾರ್ಕಿಗೆ ಹೋಗುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದರು. ಮೊದಲ ಸುತ್ತಿನಲ್ಲಿ ಉಸಿರು ಬೇಕು, ಎರಡನೆಯದರಲ್ಲಿ ಯಾರೋ ಪರಿಚಯದವರು ಸಿಗುತ್ತಾರೆ, ಮೂರನೆಯದರಲ್ಲಿ ವೀರಭದ್ರಯ್ಯನವರೇ ಬೇರೆ ಮಾತು ತೆಗೆಯುತ್ತಾರೆ. ಹೆಸರಿನ ವಿಷಯ ಅವರು ಮತ್ತೆ ಎತ್ತಲೇ ಇಲ್ಲ.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಜನ. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ಕೈಲಾಸನ ಅಕ್ಕ ಶರಣ್ಯ ಅದಕ್ಕಾಗಿಯೇ ತುಮಕೂರಿನಿಂದ ಬಂದಿದ್ದಳು. ಅಮ್ಮನ ರೇಷ್ಮೆ ಸೀರೆ ಉಟ್ಟುಕೊಂಡೇ ಬಂದಿದ್ದಳು. ಮಗುವನ್ನು ಮಡಿಲಿಗೆ ತೆಗೆದುಕೊಂಡು ಬಗ್ಗಿದವಳು ತಲೆಯೆತ್ತಿ ಮೆಲ್ಲಗೆ ಕೇಳಿದಳು:

"ಏನಂತ ಹೇಳ್ಬೇಕು? ಇನ್ನೊಂದ್ಸಲ ಹೇಳ್ರೋ."

"ಏಟ್ನಾ," ಎಂದ ಕೈಲಾಸ್.

"ಅಮ್ಮನ ಹೆಸ್ರು ಅಂದ್ಕೊಂಡಿದ್ದೆ ನಾನು," ಎಂದಳು ಅವಳು. ಯಾರಿಗೆ ಎಂದಲ್ಲ, ಸುಮ್ಮನೆ. ಆಮೇಲೆ ಬಗ್ಗಿ ಮೂರು ಸಲ ಹೇಳಿದಳು. ಹೆಂಗಸರು ಶಾಸ್ತ್ರದ ಪ್ರಕಾರ ಅವಳ ಬೆನ್ನು ತಟ್ಟಿ ನಕ್ಕರು. ಚಕ್ರಪಾಣಿಯವರು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ತಿಥಿಯನ್ನು ಬಹಳ ಹೊತ್ತು ಪರಿಶೀಲಿಸಿದರು. ಅದು ಹೋದ ವರ್ಷದ ಕ್ಯಾಲೆಂಡರು.

ಊಟಕ್ಕೆ ಎಲೆ ಹಾಕಿದರು. ಚಕ್ರಪಾಣಿಯವರ ಪಕ್ಕದ ಎಲೆಗೆ ರಂಜಿನಿಯ ಸೋದರಮಾವ ಚಿದಂಬರ ಮೇಷ್ಟ್ರು ಬಂದು ಕೂತರು. ದಾವಣಗೆರೆಯಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಪಾಠ ಮಾಡಲು ಮಕ್ಕಳಿಲ್ಲದೆ ಅವರಿಗೆ ಆರು ವರ್ಷವಾಗಿತ್ತು.

"ಹೆಸರು ಇಟ್ಟವರು ತಾವೇ ಏನ್ರಿ? ಬಹಳ ಧೈರ್ಯ ಬಿಡ್ರಿ ನಿಮ್ಮದು!"

"ಧೈರ್ಯ ಯಾಕೆ?"

"ಅಲ್ರೀ, ಏಟ್ನಾ ಅಂದ್ರ ಇಟಲಿಯ ಜ್ವಾಲಾಮುಖಿ! ಈಗಲೂ ಉರಿಯಾಕ್ಹತ್ತೇತಿ. ಈಗಿನವರು ಎಟ್ನಾ ಅಂತಾರ, ಇದು ಅದರ ಹಳೇ ಲ್ಯಾಟಿನ್ ಹೆಸರು."

ಗೊತ್ತಿಲ್ಲದವರಿಗೆ ಗೊತ್ತುಮಾಡಿಸುವುದು ಮೇಷ್ಟ್ರ ಧರ್ಮ. ಅವರು ಎಲೆಯ ಮೇಲಿನ ಅನ್ನವನ್ನು ಎರಡು ಕೈಯಿಂದ ಗುಡ್ಡ ಮಾಡಿದರು, ತುದಿಯಲ್ಲಿ ಬೆರಳಿಂದ ಗುಳಿ ತೋಡಿದರು, ಬಡಿಸುವವನನ್ನು ಕರೆದು, "ಸಾರು ಹಾಕಪ್ಪಾ, ಇನ್ನೂ ಹಾಕು, ನಿಲ್ಲಿಸಬ್ಯಾಡ" ಎಂದರು. ಸಾರು ಗುಳಿ ತುಂಬಿ, ಅಂಚು ಒಡೆದು, ಗುಡ್ಡದ ನಾಲ್ಕೂ ಕಡೆಯಿಂದ ಇಳಿದು, ಕೋಸಂಬರಿಯನ್ನು ಮುಳುಗಿಸಿ, ಹೋಳಿಗೆಯನ್ನು ದಾಟಿ ಚಕ್ರಪಾಣಿಯವರ ಎಲೆಗೆ ನುಗ್ಗಿತು.

"ನೋಡ್ರಿ, ಇದು ಲಾವಾ. ಇವರ ಎಲಿ ಅಂದ್ರ ಕೆಳಗಿನ ಊರು ಅಂತ ತಿಳಕೋರಿ."

ಗಲಾಟೆ ಶುರುವಾಯಿತು. "ಹೆಣ್ಣು ಮಗೂಗೆ ಬೆಂಕಿ ಬೆಟ್ಟದ ಹೆಸ್ರಾ?" ಎಂದರು ಒಬ್ಬರು. "ನಾಳೆ ಗಂಡು ನೋಡೋಕೆ ಬಂದವ್ರು ಏನಂತಾರೆ?" ಎಂದರು, ಐದು ವಾರದ ಮಗುವಿನ ಬಗ್ಗೆ ಇನ್ನೊಬ್ಬರು. ಕೈಲಾಸ್ ಎಡಗೈಯಲ್ಲಿ ಮೊಬೈಲ್ ತೆಗೆದು ಓದತೊಡಗಿದ. ಬೆಟ್ಟ ಇರುವುದು ನಿಜ. ಅದೇ ಹೆಸರಿನ ಯುದ್ಧದ ಹಡಗು ಇತ್ತಂತೆ. ಅಮೆರಿಕದಲ್ಲಿ ಒಂದು ಇನ್ಶೂರೆನ್ಸ್ ಕಂಪನಿಗೂ ಅದೇ ಹೆಸರಂತೆ.

"ಉರಿಯೋ ಬೆಟ್ಟದ ಹೆಸ್ರಲ್ಲಿ ಇನ್ಶೂರೆನ್ಸಾ? ಯಾರ್ರೀ ಮಾಡಿಸ್ತಾರೆ ಅಲ್ಲಿ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಎಲ್ಲರ ಮುಖವೂ ಚಕ್ರಪಾಣಿಯವರ ಕಡೆ ತಿರುಗಿತು. ಇದು ಎರಡನೆಯ ಅವಕಾಶ. ನನಗೆ ಗೊತ್ತಿರಲಿಲ್ಲ ಎಂಬ ಎರಡು ಮಾತು ಸಾಕಿತ್ತು. ಆದರೆ ಸಾರಿನಲ್ಲಿ ಮುಳುಗಿದ ಎಲೆಯ ಮುಂದೆ, ಅರವತ್ತು ಜನರ ಎದುರು ಕೂತವರಿಗೆ ಆ ಎರಡು ಮಾತು ಸುಲಭವಲ್ಲ.

"ಅದೆಲ್ಲ ಈಗಿನ ಬಳಕೆ," ಎಂದು ಕೈಯೆತ್ತಿದರು. "ಬೆಟ್ಟ, ಹಡಗು, ಕಂಪನಿ ಎಲ್ಲಾ ಆಮೇಲೆ ಬಂದಿದ್ದು. ಮೂಲ ಲ್ಯಾಟಿನ್ನಲ್ಲಿ ಅವಳು ದೇವತೆ!"

"ಪುರಾವೆ ಐತೇನ್ರಿ?" ಎಂದರು ಚಿದಂಬರ ಮೇಷ್ಟ್ರು.

"ತೋರಿಸ್ತೀನಿ!"

ಕೊನೆಗೆ ರಂಜಿನಿಯೇ ದಾರಿ ಹುಡುಕಿದಳು. ಹೆಸರು ಇನ್ನೂ ಕಾಗದಕ್ಕೆ ಹೋಗಿಲ್ಲ. ಜನನ ಪತ್ರದಲ್ಲಿ ಆ ಜಾಗ ಖಾಲಿ ಇದೆ. ಹದಿನೈದು ದಿನ ಬಿಟ್ಟು ನೋಂದಣಿ ಆಫೀಸಿಗೆ ಹೋಗುವಾಗ ಅಂಕಲ್ ಪುರಾವೆ ತರಲಿ. ತಂದರೆ ಏಟ್ನಾ. "ಇಲ್ಲಾಂದ್ರೆ ಅತ್ತೆ ಹೆಸ್ರು ಇಟ್ಬಿಡೋಣ ಮಾವ. ಯಾವ ತಕರಾರೂ ಇರಲ್ಲ."

ಬಹಳ ದಿನಗಳ ನಂತರ ವೀರಭದ್ರಯ್ಯನವರು ಅವತ್ತು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡದ್ದನ್ನು ಅಲಮೇಲು ನೋಡಿದರು. ದಾರಿಯಲ್ಲಿ ಗಂಡನಿಗೆ ಹೇಳಿದರು:

"ರೀ, ದೇವರೇ ದಾರಿ ತೋರಿಸಿದಾನೆ. ಹದಿನೈದು ದಿನ ಸುಮ್ನೆ ಕೂತಿರಿ. ಪುರಾವೆ ಸಿಗ್ಲಿಲ್ಲ ಅಂದ್ಬಿಡಿ. ಸೋತು ಬನ್ನಿ, ಸಾಕು."

"ಸರಿ," ಎಂದರು ಚಕ್ರಪಾಣಿ. ಅವರು ಮನಸಾರೆಯೇ ಹೇಳಿದ್ದರು.

ಆದರೆ ಐದನೇ ಮೇನ್ ಸುಮ್ಮನೆ ಕೂರಲು ಬಿಡಬೇಕಲ್ಲ. ಮರುದಿನ ಬಸವಮ್ಮ, "ಸಾಮಿ, ಮಗೀಗೆ ಬೆಂಕಿ ಹೆಸ್ರು ಮಡಗಿದ್ರಂತೆ?" ಎಂದಳು. ಕರಿಬೇವಿನ ಮೇಲಿನ ಕಡ್ಡಿ ಅವತ್ತು ಬರಲಿಲ್ಲ. ಫೈಕಸ್‌ನನ್ನು ಸಾಕಿದ ಸತೀಶ್ ಗೇಟಿನ ಹತ್ತಿರ ನಿಲ್ಲಿಸಿ, "ಸಾರ್, ಬೇಜಾರ್ ಮಾಡ್ಕೋಬೇಡಿ, ಫೈಕಸ್ ಅಂದ್ರೆ ನಿಜವಾಗ್ಲೂ ಏನು?" ಎಂದು ಅನುಮಾನದಿಂದ ಕೇಳಿದ. ನಾಯಿಯೂ ಅದೇ ಅನುಮಾನದಿಂದ ನೋಡಿತು. ಪಾರ್ಲರಿನವರು ಫೋನ್ ಮಾಡಿ, ಪ್ಲುಮೇರಿಯಾ ಯಾವುದಾದರೂ ರೋಗದ ಹೆಸರೇ ಎಂದು ವಿಚಾರಿಸಿದರು. ಮೂವತ್ತು ವರ್ಷದ ಮರ್ಯಾದೆ ಒಂದೇ ವಾರದಲ್ಲಿ ಇಳಿದುಹೋಯಿತು. ಹತ್ತನೆಯ ದಿನ ಚಕ್ರಪಾಣಿಯವರು ಅಲಮೇಲುಗೆ ಹೇಳದೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಗೆ ಹೋದರು.

ಸಿಗಬಾರದಿತ್ತು, ಸಿಕ್ಕಿತು. ಇಟ್ಟಿಗೆಗಿಂತ ದಪ್ಪದ, ಗೆದ್ದಲು ಹಿಡಿದ ಒಂದು ಇಂಗ್ಲಿಷ್ ನಿಘಂಟು. ಅದರಲ್ಲಿ ಏಟ್ನಾ ಎಂಬ ಪದಕ್ಕೆ ಮೂರು ಅರ್ಥ ಕೊಟ್ಟಿತ್ತು. ಮೊದಲನೆಯದು ಇಟಲಿಯ ಸಿಸಿಲಿ ದ್ವೀಪದ ಜ್ವಾಲಾಮುಖಿ. ಎರಡನೆಯದು, ಆ ಬೆಟ್ಟಕ್ಕೆ ತನ್ನ ಹೆಸರು ಕೊಟ್ಟ ಒಬ್ಬ ಅಪ್ಸರೆ. ಮೂರನೆಯದು, ಸ್ಪಿರಿಟ್ಟಿನಲ್ಲಿ ಉರಿಯುವ ಚಿಕ್ಕ ಒಲೆ. ಚಕ್ರಪಾಣಿಯವರು ಹುಟ್ಟಿಸಿಕೊಂಡು ಹೇಳಿದ ಸುಳ್ಳು ಎರಡು ಸಾವಿರ ವರ್ಷದಿಂದ ನಿಜವಾಗಿತ್ತು. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಆ ಸಾಲನ್ನು ನಾಲ್ಕು ಸಲ ಓದಿಕೊಂಡರು. ಮಹಾನಂದಮ್ಮನ ನೆನಪು ಆ ಗಳಿಗೆಯಲ್ಲಿ ಅವರಿಗೆ ಬರಲಿಲ್ಲ. ಆಮೇಲೆ ಅವರು ಅತ್ಯಂತ ನೊಂದುಕೊಂಡದ್ದು ಇದೊಂದಕ್ಕೆ.

ಜನನ ಮರಣ ನೋಂದಣಿಯ ಆಫೀಸಿನಲ್ಲಿ ಕೆಂಚಪ್ಪ ಎಂಬ ಗುಮಾಸ್ತರ ಮೇಜಿನ ಸುತ್ತ ಎಲ್ಲರೂ ಸೇರಿದರು. ಕೈಲಾಸ್, ಮಗುವನ್ನೆತ್ತಿಕೊಂಡ ರಂಜಿನಿ, ವೀರಭದ್ರಯ್ಯನವರು, ಇದಕ್ಕಾಗಿಯೇ ದಾವಣಗೆರೆಗೆ ಹೋಗದೆ ಉಳಿದಿದ್ದ ಚಿದಂಬರ ಮೇಷ್ಟ್ರು. ವೀರಭದ್ರಯ್ಯನವರ ಅಂಗಿಯ ಜೇಬಿನಲ್ಲಿ ಒಂದು ಮಡಿಸಿದ ಚೀಟಿ ಕಾಣುತ್ತಿತ್ತು. ಗುಮಾಸ್ತರು ತಪ್ಪು ಮಾಡಬಾರದೆಂದು ಅವರು ಮಹಾನಂದ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ತಂದಿದ್ದರು.

"ಮಗೂ ಹೆಸ್ರು?" ಎಂದರು ಕೆಂಚಪ್ಪ.

"ಎರಡಿದೆ ಸಾರ್. ಈಗ ತೀರ್ಮಾನ ಆಗುತ್ತೆ," ಎಂದ ಕೈಲಾಸ್.

"ಇಲ್ಲೇ ತೀರ್ಮಾನಾನಾ? ಮನೇಲಿ ಮಾಡ್ಕೊಂಡು ಬರೋದಲ್ವಾ? ಸರಿ, ಬೇಗ ಹೇಳಿ."

ಚಕ್ರಪಾಣಿಯವರು ಚೀಲದಿಂದ ನಿಘಂಟು ತೆಗೆದು ಮೇಜಿನ ಮೇಲಿಟ್ಟರು. ಧೂಳೆದ್ದು ಕೆಂಚಪ್ಪ ಸೀನಿದರು. ಚಕ್ರಪಾಣಿಯವರು ಗುರುತು ಹಾಕಿದ ಪುಟ ತೆರೆದು, ಎರಡನೆಯ ಅರ್ಥದ ಕೆಳಗೆ ಬೆರಳಿಟ್ಟರು. ಮೂರನೆಯದರ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದರು.

ಚಿದಂಬರ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. "ಹೌದ್ರಿ. ದೇವತಿ ಅದಾಳ. ಬೆಟ್ಟಕ್ಕೇ ಇವಳ ಹೆಸರು ಬಂದೈತಿ." ಪಾಠ ಮಾಡಿದವರ ನಿಷ್ಠೆಯಿಂದ ಕೈ ಮುಗಿದರು. "ತಪ್ಪಾತು. ಲ್ಯಾಟಿನ್ ಅಂದ್ರ ನಿಮ್ಮದು."

"ಹೆಬ್ಬೆಟ್ಟು ತೆಗೀರಿ ಸಾರ್," ಎಂದರು ಕೆಂಚಪ್ಪ. "ಅದರ ಕೆಳಗೂ ಏನೋ ಇದೆ."

"ಏನಿಲ್ಲ. ಗೆದ್ದಲು."

"ಓ." ಕೆಂಚಪ್ಪ ಗೆದ್ದಲಿನ ಮಾತು ಕೇಳಿ ತಮ್ಮ ಫೈಲುಗಳನ್ನು ದೂರ ಸರಿಸಿಕೊಂಡರು. "ಹಾಗಾದ್ರೆ ಇದೇ ಬರೀಲಾ? ಆಮೇಲೆ ಬದಲಾಯಿಸೋದು ತಾಪತ್ರಯ. ಈಗ್ಲೇ ಎಲ್ಲರೂ ಹೇಳಿಬಿಡಿ."

ವೀರಭದ್ರಯ್ಯನವರ ಕೈ ಅಂಗಿಯ ಜೇಬಿಗೆ ಹೋಗಿತ್ತು. ಅವರು ಚಕ್ರಪಾಣಿಯವರ ಹೆಬ್ಬೆಟ್ಟನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು. ಚಕ್ರಪಾಣಿಯವರಿಗೆ ಆಗ ಥಟ್ಟನೆ ಎಲ್ಲವೂ ನೆನಪಾಯಿತು. ಪಾರ್ಕು, ಹಿಡಿದ ಕೈ, ಒಂದೇ ಒಂದು ಹೆಸರು. ಬಾಯಿ ತೆರೆಯುವಷ್ಟರಲ್ಲಿ ವೀರಭದ್ರಯ್ಯನವರ ಕೈ ಜೇಬಿನಿಂದ ಬರಿದಾಗಿ ಹೊರಬಂತು.

"ಬರ್ಕೊಳ್ಳಿ," ಎಂದರು ಕೆಂಚಪ್ಪನಿಗೆ. "ಚಕ್ರಪಾಣಿಗಳು ಹೇಳಿದ್ದು ಸರಿಯಾಗಿದೆ."

ಕೆಂಚಪ್ಪ ಎರಡು ಬೆರಳಿನಲ್ಲಿ ಕಂಪ್ಯೂಟರ್ ಒತ್ತಿ ಬರೆದುಕೊಂಡರು.

ಚಕ್ರಪಾಣಿಯವರ ಮರ್ಯಾದೆ ಪೂರ್ತಿಯಾಗಿ ವಾಪಸು ಬಂತು. ಬಸವಮ್ಮನ ಕರಿಬೇವಿನ ಕಡ್ಡಿ ಬಂತು. ಸತೀಶ್ ನಾಯಿಯ ಸಮೇತ ಬಂದು ಕ್ಷಮೆ ಕೇಳಿದ. ಅಲಮೇಲು ಮಾತ್ರ ನಿಘಂಟನ್ನು ನೋಡಿ, "ಗೆದ್ದು ಬಂದ್ರಾ?" ಎಂದಷ್ಟೇ ಕೇಳಿ ಅಡುಗೆಮನೆಗೆ ಹೋದರು. ಹಿತ್ತಾಳೆಯ ಒಲೆಯನ್ನು ಷೋಕೇಸಿನಿಂದ ತೆಗೆದು ಅಟ್ಟಕ್ಕೆ ಹಾಕಿದವರೂ ಅವರೇ.

ಎರಡು ವರ್ಷ ಕಳೆಯುತ್ತ ಬಂತು. ಮಗುವಿನ ಹೆಸರು ಕಾಗದದಲ್ಲಿ ಭದ್ರವಾಗಿತ್ತು, ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ರಂಜಿನಿ ಚಿನ್ನು ಎನ್ನುತ್ತಿದ್ದಳು, ಕೈಲಾಸ್ ಬಂಗಾರಿ ಎನ್ನುತ್ತಿದ್ದ. ತುಮಕೂರಿನಿಂದ ಬಂದಾಗ ಶರಣ್ಯ ಪುಟ್ಟಿ ಎನ್ನುತ್ತಿದ್ದಳು. ಇಡೀ ಚಾಮರಾಜಪೇಟೆಯಲ್ಲಿ ಆ ಮಗುವನ್ನು ಇಟ್ಟ ಹೆಸರಿನಿಂದ ಕರೆಯುತ್ತಿದ್ದವರು ವೀರಭದ್ರಯ್ಯನವರೊಬ್ಬರೇ. ಅದಕ್ಕಾಗಿ ಅವರು ಪಾರ್ಕಿನಲ್ಲಿ ಕೂತು ಚಕ್ರಪಾಣಿಯವರಿಂದ ಪಾಠ ಹೇಳಿಸಿಕೊಂಡಿದ್ದರು. "ಎ ಇಂದ ಶುರುನೋ, ಏ ಇಂದಾನೋ? ಒಂದ್ಸಲ ನಿಧಾನವಾಗಿ ಹೇಳಿ. ಮಗೂ ಹೆಸ್ರು ತಾತನ ಬಾಯಲ್ಲೇ ತಪ್ಪಬಾರ್ದು ನೋಡಿ." ಚಕ್ರಪಾಣಿಯವರು ಹೇಳಿಕೊಟ್ಟರು. ವೀರಭದ್ರಯ್ಯನವರು ಮೂರು ಸುತ್ತು ಅದನ್ನೇ ಹೇಳಿಕೊಳ್ಳುತ್ತ ನಡೆದರು.

ಎರಡನೆಯ ಹುಟ್ಟುಹಬ್ಬಕ್ಕೆ ಇನ್ನು ನಾಲ್ಕು ದಿನವಿರುವಾಗ ವೀರಭದ್ರಯ್ಯನವರು ಇನ್ನೊಂದು ಉಪಕಾರ ಕೇಳಿದರು.

"ಮಗೂ ರೂಮಿನ ಬಾಗಿಲಿಗೆ ಒಂದು ಫಲಕ ಬರೆದುಕೊಡಿ. ಹೆಸ್ರು ಮಾತ್ರ. ನಿಮ್ಮ ಕೈಯಲ್ಲೇ ಆಗ್ಬೇಕು."

ಚಕ್ರಪಾಣಿಯವರು ಮಧ್ಯಾಹ್ನ ಜಗಲಿಯಲ್ಲಿ ತಗಡು ಕತ್ತರಿಸಿ, ಹಸಿರು ಬಳಿದು ಒಣಗಿಸಿ, ಕುಂಚ ಹಿಡಿದು ಕೂತರು. ಸಾಯಂಕಾಲದ ತನಕ ಕೂತರು. ಅಲಮೇಲು ಕಾಫಿ ತಂದಾಗ ಬರೆದು ಮುಗಿದಿತ್ತು. ಅವರು ಫಲಕವನ್ನು ಓದಿ, ಲೋಟವನ್ನು ಗಂಡನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು.

ಮರುದಿನ ಪೇಪರಿನಲ್ಲಿ ಸುತ್ತಿದ ಫಲಕ ಹಿಡಿದು ಚಕ್ರಪಾಣಿಯವರು ಹೋದಾಗ ವೀರಭದ್ರಯ್ಯನವರು ಬಿಲ್ವದ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಪೇಪರ್ ಬಿಚ್ಚಿದರು. ಮಹಾನಂದ ಎಂದಿತ್ತು. ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಅವತ್ತು ನಾನು ಹೇಳೋಕೆ ಬಂದಿದ್ದು ಇದೇ ಹೆಸ್ರು," ಎಂದರು ಚಕ್ರಪಾಣಿ. "ವೀರಭದ್ರಯ್ಯನವರೇ, ನನಗೆ ಲ್ಯಾಟಿನ್ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಏಟ್ನಾ ಅನ್ನೋದು ನಮ್ಮನೇಲಿದ್ದ ಒಲೆ ಹೆಸ್ರು."

"ಮಹಾನಂದಾಗೆ ಗೊತ್ತಿತ್ತು."

"ಏನು?"

"ನಿಮಗೆ ಲ್ಯಾಟಿನ್ ಬರಲ್ಲ ಅಂತ. ಈ ಮರಕ್ಕೆ ಫಲಕ ಬರೆದು ತಂದ್ರಲ್ಲ, ಅವತ್ತೇ ಒಳಗೆ ಬಂದು ಹೇಳಿದ್ಲು. ಅಕ್ಷರ ಮುತ್ತಿನ ಹಾಗೆ ಬರೀತಾರೆ ಕಣ್ರೀ, ಅರ್ಥ ಮಾತ್ರ ಯಾವತ್ತೂ ಕೇಳ್ಬೇಡಿ, ನಾಲ್ಕು ಜನರ ಮುಂದೆ ನೊಂದ್ಕೋತಾರೆ ಅಂದ್ಲು. ಆಯ್ತು ಅಂದಿದ್ದೆ." ವೀರಭದ್ರಯ್ಯನವರು ಫಲಕವನ್ನು ಪೇಪರಿನಿಂದ ಒರೆಸಿದರು. "ಕೊಟ್ಟ ಮಾತಲ್ವಾ? ಆಫೀಸಲ್ಲೂ ಅದಕ್ಕೇ ಸುಮ್ನಿದ್ದೆ."

ಚಕ್ರಪಾಣಿಯವರು ತಪ್ಪಾಯ್ತು ಎಂದರು. ಇನ್ನೊಮ್ಮೆ ಎಂದರು. ಹೇಳಬೇಕಾದ ದಿನ ಹೇಳದೆ ಉಳಿಸಿಕೊಂಡ ಮಾತು ಎಷ್ಟು ಸಲ ಹೇಳಿದರೂ ಸಾಲದು ಎಂದು ಅವರಿಗೆ ಅನ್ನಿಸಿತು.

"ಈಗ್ಲಾದ್ರೂ ಬಾಗಿಲಿಗೆ ಇದನ್ನೇ ಹಾಕಿ," ಎಂದರು.

"ಹೇಗಾಗುತ್ತೆ ಸ್ವಾಮಿ? ಮಗೂ ತನ್ನ ಹೆಸ್ರು ಹೇಳೋಕೆ ಕಲ್ತಿದೆ. ಇದು ಯಾರ ಹೆಸ್ರು ತಾತಾ ಅಂತ ಕೇಳುತ್ತೆ." ವೀರಭದ್ರಯ್ಯನವರು ಎದ್ದು, ಒಳಗಿನಿಂದ ಒಂದು ತುಂಡು ಗೋಣಿದಾರ ತಂದರು. ಫಲಕವನ್ನು ಬಿಲ್ವದ ಮರಕ್ಕೆ, ಹಳೆಯ ಲ್ಯಾಟಿನ್ ಫಲಕದ ಕೆಳಗೆ ಕಟ್ಟಿದರು. ಗಂಟು ಹಾಕುವುದರಲ್ಲಿ ಅವರ ಕೈ ಪಳಗಿದ್ದು. "ಇಲ್ಲಿರ್ಲಿ. ಮರಕ್ಕಾದ್ರೆ ಎಷ್ಟು ಹೆಸ್ರಿದ್ರೂ ನಡೆಯುತ್ತೆ. ಬರೆದಿರುತ್ತೆ, ಯಾರೂ ಕರೆಯಲ್ಲ. ಮಗೂಗೆ ಅದರದ್ದೇ ಬರೆದುಕೊಡಿ."

ಒಳಗಿನಿಂದ ಮಗು ಹೊಸಿಲು ದಾಟಲು ಹೆಣಗುತ್ತಿತ್ತು. ವೀರಭದ್ರಯ್ಯನವರು ತಿರುಗಿ ಎರಡೂ ಕೈ ಚಾಚಿ, ಕಲಿತಂತೆ ಸ್ಪಷ್ಟವಾಗಿ ಕರೆದರು:

"ಏಟ್ನಾ, ಬಾ ತಾಯಿ."

ಮಗು ನಗುತ್ತ ಬಂತು.

ಚಕ್ರಪಾಣಿಯವರು ಮನೆಗೆ ಬಂದು ಇನ್ನೊಂದು ತಗಡು ಕತ್ತರಿಸಿದರು. ಹಸಿರು ಬಳಿದು ಒಣಗಿಸಿದರು. ಎ ಮತ್ತು ಇ ಅಕ್ಷರಗಳನ್ನು ಬೆಸೆದು, ಮಿಕ್ಕ ಮೂರನ್ನು ಪಕ್ಕದಲ್ಲಿ ಬರೆದರು. ಅಕ್ಷರಗಳು ಮಾತ್ರ ಎಂದಿನಂತೆ ಚೆನ್ನಾಗಿಯೇ ಬಂದವು.